ಗದ್ದದ ಮಟ್ಟದ ರೈಲು

ಮಾಸ್ಟ್ರು ತೀರಿಕೊಂಡ ಹನ್ನೊಂದನೆಯ ದಿನ ಕಡೂರಿನ ಅವರ ಮನೆ ಮುಂದೆ ಶಾಮಿಯಾನ ಹಾಕಿ ಊಟಕ್ಕೆ ಬಡಿಸುತ್ತಿದ್ದರು. ನನ್ನ ಪಕ್ಕದ ಎಲೆಯಲ್ಲಿ ತರೀಕೆರೆಯಿಂದ ಬಂದಿದ್ದ ಒಬ್ಬ ಡಾಕ್ಟರು ಕೂತಿದ್ದರು. ಪಾಯಸ ಬರುವ ಹೊತ್ತಿಗೆ ಅವರು, "ಎಂಥಾ ಮನುಷ್ಯ ಕಣ್ರೀ! ರಿಟೈರ್ ಆದ್ಮೇಲೆ ಜನ ತೋಟ ಮಾಡ್ತಾರೆ, ಇಲ್ಲಾಂದ್ರೆ ಕಾಯಿಲೆ ಮಾಡ್ಕೋತಾರೆ. ಇವರು ಮನೇಲೇ ಒಂದು ರೈಲ್ವೆ ಮಾಡಿದ್ರು" ಎಂದರು. ಎದುರು ಸಾಲಿನವರೆಲ್ಲ ಹೌದು ಹೌದು ಎಂದು ತಲೆದೂಗಿದರು. ನಾನು ಪಾಯಸ ಬೇಡವೆಂದು ಎಲೆ ಮಡಚಿ ಎದ್ದುಬಿಟ್ಟೆ. ಪಂಕ್ತಿ ಏಳುವ ಮೊದಲೇ ಒಬ್ಬನೇ ಏಳುವುದು ಮರ್ಯಾದೆಯಲ್ಲ, ಗೊತ್ತಿದೆ. ಆದರೆ ಆ ರೈಲ್ವೆ ಎಷ್ಟು ಎತ್ತರದಲ್ಲಿತ್ತು ಅನ್ನುವುದು ಡಾಕ್ಟರಿಗೆ ನೆನಪೇ ಇರಲಿಲ್ಲ. ನೆನಪಿರಬೇಕಾದ ಕಾರಣವೂ ಇರಲಿಲ್ಲ. ಡಾಕ್ಟರೂ ಎತ್ತರದ ಆಳು.

ಮಾಸ್ಟ್ರ ಹೆಸರು ಬರೆಯುವುದಿಲ್ಲ. ಈ ಕಡೆಯ ಸಣ್ಣಪುಟ್ಟ ಸ್ಟೇಷನ್ನುಗಳಲ್ಲಿ ಸ್ಟೇಷನ್ ಮಾಸ್ಟರಾಗಿದ್ದು, ಕೊನೆಗೆ ಕಡೂರಿನಲ್ಲಿ ಮನೆ ಕಟ್ಟಿಕೊಂಡವರು. ನಾನು ಸಿಗ್ನಲ್ ರಿಪೇರಿಯವನು. ಅವರಿದ್ದ ಸ್ಟೇಷನ್ನುಗಳಲ್ಲಿ ಕೆಟ್ಟ ದೀಪ, ಹರಿದ ತಂತಿ ನೋಡಿಕೊಳ್ಳುವುದು ನನ್ನ ಪಾಲಿಗೆ ಬರುತ್ತಿತ್ತು. ನೌಕರಿ ಮುಗಿದ ಮೇಲೆ ನಾನೂ ಅದೇ ಬೀದಿಯಲ್ಲಿ ಮನೆ ಮಾಡಿದೆ. ತಮ್ಮ ನೆರೆ ಸಿಕ್ಕಿದ್ದು ಇವನ ಅದೃಷ್ಟ ಎಂದು ಅವರು ಎಲ್ಲರ ಮುಂದೆ ಹೇಳುತ್ತಿದ್ದರು.

ಎಕ್ಸ್‌ಪ್ರೆಸ್ ಗಾಡಿ ನಿಲ್ಲದೆ ಹಾದುಹೋಗುವಾಗ ಸ್ಟೇಷನ್ ಮಾಸ್ಟರು ಪ್ಲಾಟ್‌ಫಾರ್ಮಿಗೆ ಬಂದು ಹಸಿರು ಬಾವುಟ ಹಿಡಿದು ನಿಲ್ಲಬೇಕು. ಇಂಜಿನ್ನಿನವನೂ ಹಿಂದಿನ ಗಾರ್ಡೂ ಅದಕ್ಕೆ ಬಾವುಟದಲ್ಲೇ ಉತ್ತರ ಕೊಡಬೇಕು. ಎಲ್ಲ ಕಡೆ ಇರುವ ಪದ್ಧತಿಯೇ. ಬೇರೆ ಮಾಸ್ಟರುಗಳು ಬಾಗಿಲಿನಿಂದ ಅರ್ಧ ಮೈ ಹೊರಗೆ ಹಾಕಿ ಆ ಕೆಲಸ ಮುಗಿಸುತ್ತಿದ್ದರು. ನಮ್ಮ ಮಾಸ್ಟ್ರು ಮಾತ್ರ ಗಾಡಿ ಹಿಂದಿನ ಸ್ಟೇಷನ್ ಬಿಟ್ಟಿತು ಅನ್ನುತ್ತಲೇ ಎದ್ದು ನಿಲ್ಲುತ್ತಿದ್ದರು. ತಟ್ಟೆಯಲ್ಲಿ ಅನ್ನ ಕಲಸಿಟ್ಟಿದ್ದರೂ ಎದ್ದುಬಿಡುತ್ತಿದ್ದರು. ಕೊನೆಯ ಡಬ್ಬಿಯ ಹಿಂದಿನ ದೀಪ ಕಣ್ಣಿಗೆ ಮರೆಯಾಗುವ ತನಕ ಕದಲುತ್ತಿರಲಿಲ್ಲ. "ಗಾಡಿ ಬರೋವಾಗ ಕೂತಿರೋನು ಮಾಸ್ಟ್ರಲ್ಲ ಕಣಯ್ಯ, ಪ್ಯಾಸೆಂಜರು" ಎನ್ನುವುದು ಅವರ ಮಾತು. ಹೊಸದಾಗಿ ಕೆಲಸಕ್ಕೆ ಬಂದವರಿಗೆಲ್ಲ ಮೊದಲ ದಿನವೇ ಇದನ್ನು ಹೇಳುತ್ತಿದ್ದರು.

ಸುಳ್ಳು ಹೇಳಬಾರದು, ಆ ನಿಲ್ಲುವ ಗುಣಕ್ಕೆ ನಾನೂ ಸೋತವನೇ. ಪಂಚನಹಳ್ಳಿಯಲ್ಲಿ ನಮ್ಮಪ್ಪ ತೀರಿಕೊಂಡಾಗ ನೆಂಟರಿಗಿಂತ ಮೊದಲು ಬಂದವರು ಮಾಸ್ಟ್ರು. ಕುರ್ಚಿ ಕೊಟ್ಟರೆ ಕೂರಲಿಲ್ಲ. ತೆಂಗಿನ ತೋಟದಲ್ಲಿ ಮಣ್ಣು ಮಾಡುವ ತನಕ ಬಿಸಿಲಲ್ಲೇ ನಿಂತಿದ್ದು, ಯಾರಿಗೂ ಹೇಳದೆ ಬಸ್ಸು ಹತ್ತಿ ಹೋದರು. ಆ ಋಣಕ್ಕೆ ನಾನು ಮುಂದೆ ಅವರ ರೈಲ್ವೆಯ ಕೆಳಗೆ ಎಷ್ಟೋ ವರ್ಷ ಕತ್ತು ಮೇಲೆತ್ತಿ ಕೂತು ತಂತಿ ಬೆಸೆದೆ. ಅದರ ಬಗ್ಗೆ ನನಗೆ ಬೇಸರವಿಲ್ಲ. ನನ್ನ ಬೇಸರವೆಲ್ಲ ಅವರ ಹೆಂಡತಿಯ ವಿಷಯದಲ್ಲಿ.

ಅಕ್ಕ, ಅವರನ್ನು ನಾನು ಕರೆಯುವುದೇ ಹಾಗೆ, ಕುಳ್ಳಗಿನ ಹೆಂಗಸು. ತವರು ಅಜ್ಜಂಪುರದ ಹತ್ತಿರದ ಒಂದು ಹಳ್ಳಿ. ಊರ ಪಕ್ಕದಲ್ಲೇ ರೈಲು ಗೇಟು. ಮದುವೆಯಾದ ಹೊಸದರಲ್ಲಿ, ಮಾಸ್ಟ್ರು ಈ ಕಡೆಗೆ ವರ್ಗವಾಗುವ ಮೊದಲು, ದೂರದ ರೈಲ್ವೆ ಕ್ವಾರ್ಟರ್ಸ್‌ಗಳಲ್ಲಿ ಸಂಸಾರ ಮಾಡಿದರು. ಅಲ್ಲಿಂದ ಗಂಡನ ಕಡೆಯವರಿದ್ದ ಕಡೂರಿಗೆ ಬರುವಾಗ ಎಕ್ಸ್‌ಪ್ರೆಸ್ ಗಾಡಿಯಲ್ಲಿ ತವರನ್ನು ಹಾದೇ ಬರಬೇಕು, ಆದರೆ ಆ ಗಾಡಿ ಅಜ್ಜಂಪುರದಲ್ಲಿ ನಿಲ್ಲುತ್ತಿರಲಿಲ್ಲ. ಮಗಳು ಯಾವ ಗಾಡಿಗೆ ಬರುತ್ತಾಳೆಂದು ತಿಳಿದುಕೊಂಡು ಅಪ್ಪ ಹೊಲದ ಕೆಲಸ ಬಿಟ್ಟು ಗೇಟಿನ ಹತ್ತಿರ ನಿಂತಿರುತ್ತಿದ್ದರಂತೆ. ಗುಂಪಿನಲ್ಲಿ ಗುರುತು ಸಿಗಲಿ ಎಂದು ಮಳೆಯಿರಲಿ ಇಲ್ಲದಿರಲಿ ಛತ್ರಿ ಬಿಚ್ಚಿ ಮೇಲಕ್ಕೆತ್ತಿ ಹಿಡಿಯುತ್ತಿದ್ದರು. ಇವರು ಬಾಗಿಲಲ್ಲಿ ನಿಂತು ಕೈ ಬೀಸುವಷ್ಟರಲ್ಲಿ ಗೇಟು ಹಿಂದಕ್ಕೆ ಹೋಗಿರುತ್ತಿತ್ತು. "ಮಾತಾಡಕ್ಕೆ ಆಗ್ತಿರ್ಲಿಲ್ಲ ಕಣಪ್ಪ. ಛತ್ರಿ ಒಂದು ಕಾಣೋದು, ಅಷ್ಟೇ" ಎಂದು ಅಕ್ಕ ಒಂದು ದಿನ ಅವರೆಕಾಯಿ ಬಿಡಿಸುತ್ತಾ ನನಗೆ ಹೇಳಿದ್ದರು. ಅಪ್ಪ ಸತ್ತಾಗ ಇವರು ಹೋಗಿ ಸೇರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ನಿವೃತ್ತಿಯಾದ ಮೇಲೆ ಮಾಸ್ಟ್ರು ಮನೆಯ ಪಡಸಾಲೆಯ ಪಕ್ಕದ ಕೋಣೆಯನ್ನು ಖಾಲಿ ಮಾಡಿಸಿದರು. ಕಡೂರು, ಬೀರೂರು ಜಂಕ್ಷನ್ನು, ಅಲ್ಲಿಂದ ಕವಲೊಡೆದು ಒಂದು ಕಡೆಗೆ ತರೀಕೆರೆ, ಇನ್ನೊಂದು ಕಡೆಗೆ ಅಜ್ಜಂಪುರ, ಇಷ್ಟನ್ನೂ ಪುಟ್ಟ ಕಂಬಿ, ಪುಟ್ಟ ಗಾಡಿಗಳಲ್ಲಿ ಮಾಡುವುದೆಂದು ಹೊರಟರು. ಸಖರಾಯಪಟ್ಟಣದ ಕಡೆಯಿಂದ ಬಂದಿದ್ದವರೊಬ್ಬರು ಆಮೇಲೊಮ್ಮೆ, "ನಮ್ಮೂರ ಮೇಲೆ ಚಿಕ್ಕಮಗಳೂರಿಗೆ ಹೋಗೋ ಲೈನು ಹಾಕಲ್ವಾ ಸಾರ್?" ಎಂದು ಕೇಳಿದ್ದಕ್ಕೆ ಮಾಸ್ಟ್ರು, "ನಾನು ಕೆಲಸ ಮಾಡದೇ ಇರೋ ಲೈನು ನಂಗೆ ಗೊತ್ತಿಲ್ಲ" ಎಂದರು. ಆ ರೈಲ್ವೆಯಲ್ಲಿ ಇದ್ದದ್ದೆಲ್ಲ ಅವರಿಗೆ ಗೊತ್ತಿದ್ದದ್ದೇ.

ಪ್ಲೈವುಡ್ ಹಲಗೆಯನ್ನು ಎಷ್ಟು ಎತ್ತರಕ್ಕೆ ಕೂರಿಸಬೇಕು ಎಂಬುದು ಮೊದಲ ಪ್ರಶ್ನೆ. ಬಡಗಿ, ಊಟದ ಮೇಜಿನ ಎತ್ತರ ಸಾಕು, ಕುರ್ಚಿ ಹಾಕಿಕೊಂಡು ಆರಾಮಾಗಿ ಆಡಬಹುದು ಎಂದ. ಆಡಬಹುದು ಎಂಬ ಮಾತಿಗೇ ಮಾಸ್ಟ್ರ ಮುಖ ಕೆಂಪಾಯಿತು. ನಾನು, ಸೊಂಟಕ್ಕಿಂತ ಒಂದು ಗೇಣು ಮೇಲಿದ್ದರೆ ಒಳ್ಳೆಯದು, ಹಿಂದಿನ ಕಂಬಿಯಲ್ಲಿ ಗಾಡಿ ಬಿದ್ದರೆ ಕೈ ಎಟುಕುತ್ತದೆ, ಬೆನ್ನೂ ನೋಯುವುದಿಲ್ಲ ಎಂದೆ. ಅಕ್ಕ ಬಾಗಿಲಲ್ಲಿ ನಿಂತಿದ್ದವರು, "ನನ್ ಎದೆಮಟ್ಟಕ್ಕೆ ಬರೋ ಹಾಗಿದ್ರೆ ನಂಗೂ ಕಾಣುತ್ತೆ ರೀ" ಎಂದರು.

ಮಾಸ್ಟ್ರು ಅಂಗಳದಿಂದ ಇಟ್ಟಿಗೆ ತರಿಸಿ ಪೇರಿಸಿದರು, ಮೇಲೊಂದು ಹಲಗೆ ಇಟ್ಟು ಅದರ ಮೇಲೆ ಒಂದೇ ಒಂದು ಡಬ್ಬಿ ಇಟ್ಟರು. ನಿಂತು ನೋಡಿದರು. ಇನ್ನೊಂದು ವರಸೆ ಇಟ್ಟಿಗೆ ಹಾಕಿಸಿ ಮತ್ತೆ ನೋಡಿದರು. ಸಂಜೆಯ ತನಕ ಇದೇ ಆಯಿತು. ಕೊನೆಗೆ ಹಲಗೆ ಅವರ ಗದ್ದದ ಮಟ್ಟಕ್ಕೆ ಬಂದು, ಡಬ್ಬಿಯ ಕಿಟಕಿಗಳು ಕಣ್ಣಿಗೆ ನೇರವಾದಾಗ ಕೈಯೆತ್ತಿ ನಿಲ್ಲಿಸಿದರು. "ಮೇಲಿಂದ ನೋಡಿದ್ರೆ ಆಟದ ಸಾಮಾನು. ಪ್ಲಾಟ್‌ಫಾರ್ಮ್ ಮೇಲೆ ನಿಂತೋನಿಗೆ ಗಾಡಿ ಹೆಂಗೆ ಕಾಣುತ್ತೋ ಹಂಗೆ ಕಾಣ್ಬೇಕು" ಎಂದರು. ಅವರು ಹೇಳಿದ್ದು ನಿಜ. ನಾನೂ ಪಕ್ಕದಲ್ಲಿ ಹಿಮ್ಮಡಿ ಎತ್ತಿ ನಿಂತು ನೋಡಿದೆ, ಗಾಡಿಗೆ ಜೀವ ಬಂದ ಹಾಗಿತ್ತು.

"ನಂಗೆ?" ಎಂದರು ಅಕ್ಕ. ಅವರ ಕಣ್ಣಿಗೆ ನೇರವಾಗಿ ಇದ್ದದ್ದು ಇಟ್ಟಿಗೆ.

"ನಿಂಗೊಂದು ಸ್ಟೂಲ್ ಮಾಡಿಸ್ತೀನಿ ಬಿಡು."

ಹೊನ್ನೆ ಮರದ ಉದ್ದುದ್ದ ಕಾಲುಗಳ ಮೇಲೆ ರೈಲ್ವೆ ಎದ್ದು ನಿಂತಿತು. ನನಗೆ ಅನುಕೂಲವೇ ಆಯಿತು, ಕೆಳಗೆ ಕೂತು ಕೆಲಸ ಮಾಡಿದರೂ ತಲೆ ತಾಗುತ್ತಿರಲಿಲ್ಲ. ಸ್ಟೂಲೂ ಬಂತು. ಅಕ್ಕ ಅದನ್ನು ಹತ್ತಿದ್ದು ಒಂದೇ ಸಲ. ಇನ್ನೂ ಬೀರೂರಿನ ತನಕ ಮಾತ್ರ ಕಂಬಿ ಹಾಕಿದ್ದ ದಿನಗಳು. ಹತ್ತಿ ನಿಂತವರಿಗೆ ಸ್ಟೂಲು ವಾಲಿತು, ಬೀಳಬಾರದೆಂದು ಹಲಗೆಯ ಅಂಚು ಹಿಡಿದರು. ಬೀರೂರಿನ ಒಂದು ಸಿಗ್ನಲ್ ಕಂಬ ಮುರಿಯಿತು. ಅಂದು ಮನೆಯಲ್ಲಿ ನೆಂಟರಿದ್ದರು. ಅವರೆಲ್ಲರ ಮುಂದೆ ಮಾಸ್ಟ್ರು, "ಕತ್ತೆ ವಯಸ್ಸಾಯ್ತು, ಸ್ಟೂಲ್ ಮೇಲೆ ನಿಂತ್ಕೊಳ್ಳೋಕೆ ಬರಲ್ವಲ್ಲೇ ನಿಂಗೆ" ಎಂದು ಕೂಗಿದರು. ಅಕ್ಕ ಇಳಿದು ಹೋದರು. ಆ ಸ್ಟೂಲು ಆಮೇಲೆ ಅಡುಗೆಮನೆಯಲ್ಲಿ ಕುಡಿಯುವ ನೀರಿನ ಕೊಳಗ ಇಡಲು ಉಪಯೋಗಕ್ಕೆ ಬಂತು. ಮತ್ತೆ ಹತ್ತಿ ಎಂದು ನಾನು ಹೇಳಿದಾಗ, "ಬೇಡಪ್ಪ, ಕೈಕಾಲು ನಡುಗುತ್ತೆ" ಎಂದುಬಿಟ್ಟರು. ಫೋನಿನಲ್ಲಿ ಫೋಟೋ ತೆಗೆದು ತೋರಿಸುತ್ತೇನೆ ಎಂದಾಗ ಮಾತ್ರ ಅವರಿಗೆ ಸಿಟ್ಟು ಬಂತು. "ನಮ್ಮನೇಲಿ ಇರೋದನ್ನ ನಾನು ಫೋಟೋದಲ್ಲಿ ನೋಡ್ಬೇಕಾ?" ಎಂದರು.

ಅಜ್ಜಂಪುರದ ಭಾಗ ಕಿಟಕಿಯ ಪಕ್ಕಕ್ಕೆ ಬರುತ್ತದೆ ಎಂದು ಗೊತ್ತಾದ ದಿನ ಅಕ್ಕ ಗಂಡನಲ್ಲಿ ಒಂದು ಕೇಳಿಕೊಂಡರು. ನಾನು ಹಲಗೆಯ ಕೆಳಗೆ ಇದ್ದೆ. "ಗೇಟ್ ಹತ್ರ ಒಬ್ಬ ಮನುಷ್ಯನ್ನ ನಿಲ್ಸಿ ರೀ. ಛತ್ರಿ ಎತ್ತಿ ಹಿಡ್ಕೊಂಡಿರೋ ಹಾಗೆ." ಮಾಸ್ಟ್ರು ಹೂಂ ಎಂದರು. ತಿಂಗಳು ಕಳೆದ ಮೇಲೆ ಅಕ್ಕ ಕಸ ಗುಡಿಸಲು ಬಂದಾಗ ಮತ್ತೆ ಕೇಳಿದರು, "ನಮ್ಮಪ್ಪನ್ನ ನಿಲ್ಸಿದ್ರಾ?"

"ನಿಲ್ಸಿದೀನಿ ಕಣೇ."

"ನಿಲ್ಸಿದೀನಿ ಅಂದ್ರೆ ನಿಲ್ಸಿರ್ತೀರಿ ಬಿಡಿ" ಎಂದರು ಅಕ್ಕ. ಆ ದನಿಯಲ್ಲಿ ಎಷ್ಟು ಸಂತೋಷವಿತ್ತೆಂದರೆ, ಕೆಳಗೆ ಕತ್ತಲಲ್ಲಿ ಕೂತಿದ್ದ ನನಗೂ ನಗು ಬಂತು.

ಆಮೇಲಿನ ವರ್ಷಗಳಲ್ಲಿ ಆ ಕೋಣೆಗೆ ಜನ ಬಂದದ್ದೇ ಬಂದದ್ದು. ತರೀಕೆರೆಯ ಡಾಕ್ಟರು ಬಂದರು. ಶಾಲೆಯ ಮಕ್ಕಳು ಸಾಲಾಗಿ ಬಂದರು. ಮಕ್ಕಳಿಗೆ ಎಟುಕುವುದಿಲ್ಲವಲ್ಲ, ಮಾಸ್ಟ್ರು ಒಂದೊಂದೇ ಮಗುವನ್ನು ಕಂಕುಳಿಗೆ ಕೈ ಹಾಕಿ ಎತ್ತಿ ತೋರಿಸುತ್ತಿದ್ದರು. ಬೆವರು ಇಳಿದರೂ ಬೇಸರ ಪಡುತ್ತಿರಲಿಲ್ಲ. ಆ ಹೊತ್ತಿನಲ್ಲಿ ಅವರನ್ನು ನೋಡಿದವರು ಇಂಥ ಒಳ್ಳೆಯವರಿಲ್ಲ ಎನ್ನಬೇಕು, ಹಾಗಿರುತ್ತಿದ್ದರು. ಹೆಂಡತಿಯನ್ನು ಯಾರು ಎತ್ತಿ ತೋರಿಸುತ್ತಾರೆ? ಅಕ್ಕ ಎಲ್ಲರಿಗೂ ಕಾಫಿ ಕೊಡುತ್ತಾ, "ಅಜ್ಜಂಪುರದ ಗೇಟ್ ಹತ್ರ ನಮ್ಮಪ್ಪ ಇದಾರೆ, ನೋಡಿದ್ರಾ?" ಎಂದು ಕೇಳುತ್ತಿದ್ದರು. ಕಾಫಿ ಕೈಯಲ್ಲಿ ಹಿಡಿದವರು ಇಲ್ಲ ಎನ್ನುತ್ತಾರೆಯೇ? "ನೋಡಿದ್ವಿ, ನೋಡಿದ್ವಿ, ಚೆನ್ನಾಗಿದಾರೆ" ಎನ್ನುತ್ತಿದ್ದರು. ನಾನೂ ನೋಡಿದ್ದೇನೆ ಎಂದೇ ತಿಳಿದಿದ್ದೆ. ಅಲ್ಲಲ್ಲಿ ಕಾಳಿನಷ್ಟು ದೊಡ್ಡ ಜನ ನಿಂತಿದ್ದರು, ಅದರಲ್ಲಿ ಒಬ್ಬರು ಇರಬೇಕು ಎಂದುಕೊಂಡಿದ್ದೆ.

ಒಂದು ಸಲ ಅಕ್ಕ ಧೈರ್ಯ ಮಾಡಿ, "ಒಂದು ಗೇಣು ಕಾಲು ಕತ್ತರ್ಸಿದ್ರೆ ಆಗಲ್ವಾ?" ಎಂದು ಕೇಳಿದರು. ಮಾಸ್ಟ್ರು ಅದಕ್ಕೆ ಪಾಠವನ್ನೇ ಮಾಡಿದರು. ಕಾಲು ಮುಟ್ಟಿದರೆ ಹಲಗೆ ಅಲುಗುತ್ತದೆ, ಅಲುಗಿದರೆ ಕಂಬಿಯ ಜೋಡಣೆ ಬಿಡುತ್ತದೆ, ಬಿಟ್ಟರೆ ಬೀರೂರಿನಲ್ಲಿ ಗಾಡಿ ಹಳಿ ತಪ್ಪುತ್ತದೆ. ಅಕ್ಕ ತಪ್ಪು ಮಾಡಿದವರ ಹಾಗೆ ಕೇಳಿಸಿಕೊಂಡು ಹೋದರು.

ಹೋದ ವರ್ಷ ಮಾಸ್ಟ್ರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತು ತೊದಲಿದರೂ ಅರ್ಥವಾಗುತ್ತಿತ್ತು. ಆಸ್ಪತ್ರೆಯಿಂದ ಗಾಲಿಕುರ್ಚಿಯಲ್ಲಿ ಮನೆಗೆ ಬಂದವರು ಹಾಸಿಗೆಗೆ ಹೋಗಲಿಲ್ಲ, ಮೊದಲು ರೈಲಿನ ಕೋಣೆಗೆ ತಳ್ಳು ಎಂದರು. ತಳ್ಳಿಕೊಂಡು ಹೋಗಿ ನಿಲ್ಲಿಸಿದೆ. ಅವರು ತಲೆ ಎತ್ತಿ ನೋಡಿದರು. ಕಂಡದ್ದು ಪ್ಲೈವುಡ್ಡಿನ ತಳ, ನಾನು ಬೆಸೆದ ತಂತಿಗಳ ಗೋಜಲು, ಜೇಡರ ಬಲೆ.

"ಇದೇನೋ ಇದು?" ಎಂದರು.

"ನಿಮ್ಮ ರೈಲ್ವೇನೇ ಸಾರ್" ಎಂದೆ. "ನಾನು ಇಷ್ಟು ವರ್ಷ ನೋಡಿದ್ದು ಇದನ್ನೇ." ಕಾಯಿಲೆಯವರ ಹತ್ತಿರ ಆಡುವ ಮಾತಲ್ಲ ಅದು. ಆದರೆ ಬಂತು.

ಅವರು ಹಲಗೆಯ ಕಾಲುಗಳ ಕಡೆ ನೋಡಿ, "ಕಾಲು ಕತ್ತರ್ಸಿಬಿಡು" ಎಂದರು. ಅಷ್ಟೇ. ಹಲಗೆ ಅಲುಗುವ ಮಾತು ಬರಲಿಲ್ಲ, ಜೋಡಣೆ ಬಿಡುವ ಮಾತು ಬರಲಿಲ್ಲ. ಬೀರೂರಿನಲ್ಲಿ ಗಾಡಿ ಹಳಿ ತಪ್ಪುವ ಮಾತಂತೂ ಬರಲೇ ಇಲ್ಲ. ಬಾಗಿಲಲ್ಲಿ ಅಕ್ಕ ನಿಂತಿದ್ದರು, ಅವರ ಮುಖವನ್ನು ನಾನು ನೋಡಲಿಲ್ಲ. ನನ್ನ ಮೈಯೆಲ್ಲ ಉರಿಯುತ್ತಿತ್ತು.

ಮನೆಗೆ ತಾರಸಿ ಹಾಕುವಾಗ ಕೆಳಗೆ ಕೊಡುವ ಕಬ್ಬಿಣದ ಜಾಕಿಗಳಿರುತ್ತವಲ್ಲ, ಅವನ್ನು ಸೆಂಟ್ರಿಂಗ್ ಕೆಲಸದವರಿಂದ ತರಿಸಿದೆ. ಅವರಲ್ಲಿ ಇಬ್ಬರು ಕೆಲಸಕ್ಕೂ ನಿಂತರು. ಹಲಗೆಯನ್ನು ಜಾಕಿಗಳ ಮೇಲೆ ಹೊರಿಸಿ, ಕಾಲುಗಳನ್ನು ಕೊಯ್ದು ತೆಗೆದು, ತಿರುಪು ತಿರುಗಿಸುತ್ತಾ ನಾಲ್ಕು ಮೂಲೆಯನ್ನೂ ಸಮನಾಗಿ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ರೈಲ್ವೆ ತುಂಡು ತುಂಡಾಗಿ ಬಿಚ್ಚಿಕೊಳ್ಳುವ ಹಾಗೆ ಇದ್ದದ್ದರಿಂದ ಕಿಟಕಿಯ ಪಕ್ಕದ ಅಜ್ಜಂಪುರದ ಭಾಗದಿಂದಲೇ ಶುರು ಮಾಡಿದೆವು. ಮಾಸ್ಟ್ರು ಗಾಲಿಕುರ್ಚಿಯಲ್ಲಿ ಕೂತು ಸ್ಟೇಷನ್ನಿನಲ್ಲಿ ಕೂಗುವ ಹಾಗೆಯೇ "ಇಳ್ಸು, ಇಳ್ಸು" ಎನ್ನುತ್ತಿದ್ದರು.

ಅಕ್ಕ ಕೆಲಸದವರಿಗೆ ಟೀ ತಂದರು. ತಟ್ಟೆ ಹಿಡಿದುಕೊಂಡು ಬಾಗಿಲು ದಾಟಿದವರು ಅಲ್ಲೇ ನಿಂತುಬಿಟ್ಟರು. ಹಲಗೆ ಇಳಿಯುತ್ತಾ ಇಳಿಯುತ್ತಾ ಅವರ ಎದೆಮಟ್ಟಕ್ಕೆ ಬಂದಿತ್ತು. ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ದೇವರ ಮನೆಗೆ ಹೋಗುವವರ ಹಾಗೆ ಮೆಲ್ಲಗೆ ಹತ್ತಿರ ಹೋದರು.

"ತಡೀರಪ್ಪ ಒಂದ್ನಿಮಿಷ" ಎಂದರು.

ಸೆಂಟ್ರಿಂಗ್‌ನವರು ಕೈ ಬಿಟ್ಟರು. ಅಕ್ಕ ನೋಡಿದರು. ಸ್ಟೇಷನ್ನಿನ ಹೆಂಚಿನ ಮಾಡು, ಕಂಬದ ದೀಪ, ನೀರಿನ ನಲ್ಲಿ, ಎಲ್ಲದರ ಮೇಲೂ ಕಣ್ಣಾಡಿಸಿ ನಿಧಾನವಾಗಿ ಗೇಟಿನ ಹತ್ತಿರ ಬಂದರು. ಮತ್ತೆ ಸ್ಟೇಷನ್ನಿನಿಂದ ಶುರು ಮಾಡಿ ಗೇಟಿನ ತನಕ ಬಂದರು. ಗೇಟಿತ್ತು. ಗೇಟಿಗೆ ಕೆಂಪು ಬಿಳಿ ಬಣ್ಣ ಹೊಡೆದಿತ್ತು. ನಾನು ಕೂರಿಸಿದ ದೀಪವೂ ಇತ್ತು.

"ಇಲ್ಲಿ ಯಾರೂ ಇಲ್ವಲ್ಲ" ಎಂದರು.

ಮಾಸ್ಟ್ರಿಗೆ ಕೂತಲ್ಲಿಂದ ಹಲಗೆಯ ಅಂಚಷ್ಟೇ ಕಾಣುತ್ತಿತ್ತು. "ಇದಾನೆ, ನೋಡು ಸರಿಯಾಗಿ" ಎಂದರು.

"ಇಲ್ಲ ರೀ."

"ಇಲ್ಲೇ ಎಲ್ಲೋ ಬಿದ್ದಿರ್ಬೇಕು ಕಣೇ."

ನಾನು ಬಗ್ಗಿ ನೋಡಿದೆ. ಗೊಂಬೆ ನಿಲ್ಲಿಸಿದರೆ ಕೆಳಗೆ ಗೋಂದು ಹಾಕಿರಬೇಕು, ಬಿದ್ದರೂ ಗೋಂದಿನ ಕಲೆ ಉಳಿಯುತ್ತದೆ. ಗೇಟಿನ ಸುತ್ತ ಹಚ್ಚಿದ್ದ ಮಣ್ಣಿನ ಬಣ್ಣ ನಿನ್ನೆ ಹಚ್ಚಿದ ಹಾಗೆ ನುಣ್ಣಗಿತ್ತು. ಅಕ್ಕ ಅತ್ತಿದ್ದರೆ ಒಳ್ಳೆಯದಿತ್ತು, ಅಳಲಿಲ್ಲ. ಟೀ ತಟ್ಟೆಯನ್ನು ನನ್ನ ಕೈಯಿಂದ ವಾಪಸು ತೆಗೆದುಕೊಂಡು ಕೆಲಸದವರಿಗೆ ಲೋಟ ಕೊಟ್ಟರು.

"ಇಳ್ಸಿ. ಅವರಿಗೆ ಎಷ್ಟು ಬೇಕೋ ಅಷ್ಟಕ್ಕೆ ಇಳ್ಸಿ. ನಂದು ನೋಡಿದ್ದಾಯ್ತು."

ಇಳಿಸಿದೆವು. ಉಳಿದ ಭಾಗಗಳನ್ನೂ ಸೇರಿಸಿ, ಗಾಲಿಕುರ್ಚಿಯಲ್ಲಿ ಕೂತವರ ಗದ್ದದ ಮಟ್ಟಕ್ಕೆ, ಒಂದು ಬೆರಳೂ ಹೆಚ್ಚು ಕಡಿಮೆಯಿಲ್ಲದಂತೆ ಇಳಿಸಿದೆವು. ಕಿಟಕಿಗಳು ಅವರ ಕಣ್ಣಿಗೆ ನೇರವಾಗಿ ಬಂದವು.

ಮುಂದಿನ ವಾರ ಮಾಸ್ಟ್ರು ನನ್ನನ್ನು ಕರೆಸಿ ಬಾಗಿಲು ಮುಂದೆ ಮಾಡು ಎಂದರು. "ಒಬ್ಬ ಮನುಷ್ಯನ್ನ ಮಾಡ್ಕೊಡ್ತೀಯೇನೋ" ಎಂದರು. ಅವರು ನನ್ನನ್ನು ಬೇಡಿದ್ದು ಅದೇ ಮೊದಲು, ಅಲ್ಲಿಯ ತನಕ ಹೇಳುತ್ತಿದ್ದರು ಅಷ್ಟೇ. ಬೆಂಕಿಕಡ್ಡಿಯ ಚೂರಿಗೆ ತಾಮ್ರದ ಎಳೆ ಸುತ್ತಿ ಕೈಕಾಲು ಮಾಡಿದೆ. ವೈರಿಗೆ ಸುತ್ತುವ ಕಪ್ಪು ಟೇಪಿನಲ್ಲಿ ಛತ್ರಿ ಕತ್ತರಿಸಿದೆ. ನಿಲ್ಲಿಸಲು ಹೋದರೆ, "ಬಿಡು, ನಾನೇ ನಿಲ್ಲಿಸ್ಬೇಕು" ಎಂದು ಎಡಗೈಗೆ ಚಿಮಟ ಇಸಿದುಕೊಂಡರು. ಹಿಡಿತ ಸಿಗದೆ ಗೊಂಬೆ ಬಿತ್ತು. ಮತ್ತೆ ನಿಲ್ಲಿಸಿದರು, ಮತ್ತೆ ಬಿತ್ತು. ಜೊಲ್ಲು ಸೋರಿದ್ದೂ ಗೊತ್ತಾಗದಂತೆ ಆ ಕಡ್ಡಿಯ ಹಿಂದೆ ಬಿದ್ದರು. ಅವರ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ, ಆದರೂ ಮುಖ ತಿರುಗಿಸಿಕೊಂಡೆ. ಕಡೆಗೊಮ್ಮೆ ಗೋಂದು ಹಿಡಿಯಿತು. ಗೇಟಿನ ಪಕ್ಕದಲ್ಲಿ ಒಬ್ಬ ಮನುಷ್ಯ ಛತ್ರಿ ಎತ್ತಿ ಹಿಡಿದು ನಿಂತ.

ಗಾಡಿ ಬಿಡು ಎಂದರು, ಬಿಟ್ಟೆ. ಅದು ಬೀರೂರು ದಾಟಿದ್ದೇ ಕುರ್ಚಿಯ ಕೈ ಹಿಡಿದು ಏಳಲು ನೋಡಿದರು. ಆಗಲಿಲ್ಲ. ಕೂತೇ ಗೇಟಿನ ಕಡೆ ನೋಡಿದರು. ಆಮೇಲೆ ನನಗೆ ಬಾಗಿಲು ತೆಗೆಯಲು ಹೇಳಿ, ಅಡುಗೆಮನೆಗೆ ಕೇಳಿಸುವ ಹಾಗೆ ಕೂಗಿದರು.

"ಬಾರೇ ಇಲ್ಲಿ. ನಿಮ್ಮಪ್ಪನ್ನ ನಿಲ್ಸಿದೀನಿ."

ಒಳಗೆ ಪಾತ್ರೆಯ ಸದ್ದು ನಿಂತಿತು.

"ಅಷ್ಟು ಕೆಳಕ್ಕೆ ಬಗ್ಗೋಕಾಗಲ್ಲ ನಂಗೆ. ಮಂಡಿ ನೋವು, ಗೊತ್ತಲ್ವಾ?"

"ನಿಜವಾಗ್ಲೂ ನಿಲ್ಸಿದೀನಿ ಕಣೇ" ಎಂದರು ಮಾಸ್ಟ್ರು. ಬೇಕಾದರೆ ಇವನನ್ನೇ ಕೇಳು ಎಂಬಂತೆ ನನ್ನ ಮುಖ ನೋಡಿದರು.

"ನಿಲ್ಸಿದೀನಿ ಅಂದ್ರೆ ನಿಲ್ಸಿರ್ತೀರಿ ಬಿಡಿ" ಎಂದರು ಅಕ್ಕ. ಮತ್ತೆ ಪಾತ್ರೆ ತೊಳೆಯುವ ಸದ್ದು ಬಂತು.